ಇರುವೆ ಗೂಡಿನಲ್ಲಿ ಮೇಸ್ತ್ರಿ ಯಾರು?

ಸಂಕ್ರಾಂತಿಯ ಹಿಂದಿನ ಭಾನುವಾರ ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಪಂಚಾಯಿತಿ ಗ್ರಂಥಾಲಯದ ಮುಂದಿನ ಮಾವಿನ ಮರದ ಕೆಳಗೆ ಮಕ್ಕಳ ಜೊತೆ ಆಡಿದ ಮಾತುಗಳಿವು. ನಾಲ್ಕನೇ ಕ್ಲಾಸಿನಿಂದ ಏಳನೇ ಕ್ಲಾಸಿನವರೆಗಿನ ಮಕ್ಕಳು ಬಂದಿದ್ದರು. ಬರೆದು ಕೊಡಿ ಎಂದು ದೊಡ್ಡವರು ಕೇಳಿದ್ದರಿಂದ ಬರೆದಿದ್ದೇನೆ. ನಡುನಡುವೆ ಮಕ್ಕಳು ಕೇಳಿದ ಪ್ರಶ್ನೆಗಳನ್ನೂ ಹಾಗೇ ಇಟ್ಟಿದ್ದೇನೆ.

ಮಕ್ಕಳೇ, ಮೊದಲು ನೀವು ಹೇಳಿ. ಇರುವೆ ಅಂದ ತಕ್ಷಣ ನಿಮ್ಮ ಮನೆಯಲ್ಲಿ ಏನಂತಾರೆ?

"ಹುಳ ತಿಂದುಬಿಡುತ್ತೆ ಮಿಸ್!"

ಹೌದು. ರೇಷ್ಮೆ ಹುಳ ಸಾಕುವ ಮನೆಯಲ್ಲಿ ಇರುವೆ ಕಂಡರೆ ಎಲ್ಲರಿಗೂ ಗಾಬರಿ. ಹುಳದ ಮನೆಯ ಸ್ಟ್ಯಾಂಡಿನ ಕಾಲುಗಳನ್ನು ನೀರು ತುಂಬಿದ ಬಟ್ಟಲಲ್ಲಿ ಇಟ್ಟಿರುತ್ತಾರೆ, ನೋಡಿದ್ದೀರಲ್ವಾ? ಕೋಟೆಯ ಸುತ್ತ ಕಂದಕ ತೋಡಿದ ಹಾಗೆ. ಒಂದೇ ಒಂದು ಇರುವೆ ಆ ಹುಳವನ್ನು ಕಂಡರೆ ಸಾಕು, ಅರ್ಧ ಗಂಟೆಯಲ್ಲಿ ಸಾಲು ಹಿಡಿದು ಬಂದುಬಿಡುತ್ತವೆ. ಆ ಒಂದು ಇರುವೆ ಮಿಕ್ಕವಕ್ಕೆ ಹೇಗೆ ಹೇಳಿತು? ಹೊರಡಿ ಅಂತ ಅಪ್ಪಣೆ ಕೊಟ್ಟಿದ್ದು ಯಾರು? ಇವತ್ತು ನಾನು ಮಾತಾಡಬೇಕು ಅಂತ ಬಂದಿರುವುದು ಇದರ ಬಗ್ಗೆಯೇ.

ಮನೆ ಕಟ್ಟುವಾಗ ಒಬ್ಬ ಮೇಸ್ತ್ರಿ ಇರುತ್ತಾನೆ. ಇಲ್ಲಿ ಗೋಡೆ ಏಳಬೇಕು, ಅಲ್ಲಿ ಕಿಟಕಿ ಬರಬೇಕು, ನೀನು ಮರಳು ಜರಡಿ ಹಿಡಿ, ನೀನು ನೀರು ತಾ ಅಂತ ಹೇಳುತ್ತಾನೆ. ಇರುವೆ ಗೂಡಿನಲ್ಲಿ ಆ ಮೇಸ್ತ್ರಿ ಯಾರು?

"ರಾಣಿ!" ಅಂತ ನೀವೆಲ್ಲ ಒಟ್ಟಿಗೆ ಕೂಗಿದ್ರಿ. ಎಲ್ಲರೂ ಹಾಗೇ ಅಂದುಕೊಂಡಿರುತ್ತಾರೆ. ರಾಣಿ ಅನ್ನುವ ಹೆಸರೇ ನಮಗೆ ದಾರಿ ತಪ್ಪಿಸುತ್ತದೆ. ಹಾಗಾಗಿ ಮೊದಲು ಆ ರಾಣಿ ಏನು ಮಾಡುತ್ತಾಳೆ ನೋಡೋಣ.

ಮುಂಗಾರಿನ ಮೊದಲ ಮಳೆ ಬಿದ್ದ ಮೇಲೆ ರೆಕ್ಕೆ ಇರುವೆಗಳು ಹೊರಗೆ ಬರುತ್ತವೆ. ದೀಪದ ಹತ್ತಿರ ಮುತ್ತುವ ಈಸಲು ಹುಳ ಬೇರೆ, ಅದು ಗೆದ್ದಲು. ಗೆದ್ದಲನ್ನು ಬಿಳಿ ಇರುವೆ ಅಂತ ಕೆಲವರು ಕರೆಯುತ್ತಾರೆ. ಅದು ಇರುವೆಯೇ ಅಲ್ಲ, ಜಿರಳೆಯ ಕಡೆಯ ನೆಂಟ. ಇರುವೆಗೆ ಕಣಜದ ಹುಳ ನೆಂಟ. ಇರುವೆಯ ಸೊಂಟ ನೋಡಿ, ನೂಲು ಕಟ್ಟಿ ಬಿಗಿದ ಹಾಗಿರುತ್ತದೆ. ಗೆದ್ದಲಿಗೆ ಸೊಂಟವೇ ಇಲ್ಲ. ಇರುವೆಯ ಮೀಸೆ ನಮ್ಮ ಮೊಣಕೈ ಹಾಗೆ ಮಡಿಚಿರುತ್ತದೆ, ಗೆದ್ದಲಿನದು ನೆಟ್ಟಗೆ ಮಣಿ ಪೋಣಿಸಿದ ಹಾಗೆ.

ರೆಕ್ಕೆ ಬಂದ ಹೆಣ್ಣು ಇರುವೆ ಒಂದೇ ಸಲ ಹಾರುತ್ತದೆ. ಗಂಡಿನ ಜೊತೆ ಕೂಡಿ ನೆಲಕ್ಕೆ ಇಳಿಯುತ್ತದೆ. ಇಳಿದ ಕೂಡಲೇ ರೆಕ್ಕೆ ಉದುರಿಸಿಕೊಳ್ಳುತ್ತದೆ. ಒಂದು ಪುಟ್ಟ ಗುಳಿ ತೋಡಿ, ಗುಳಿಯ ಬಾಯಿ ಮುಚ್ಚಿಕೊಂಡು ಒಳಗೆ ಕೂರುತ್ತದೆ. ನಮ್ಮ ಹಿತ್ತಲಲ್ಲಿ ಓಡಾಡುವ ದೊಡ್ಡ ಕರಿ ಇರುವೆ, ಗೊದ್ದ ಅಂತೀವಲ್ಲ, ಅದರ ರಾಣಿ ಮೊದಲ ಮರಿಗಳು ದೊಡ್ಡವಾಗುವವರೆಗೆ ಹೊರಗೆ ಬರುವುದೇ ಇಲ್ಲ. ವಾರಗಟ್ಟಲೆ ಉಪವಾಸ. ಹಾರುವುದಕ್ಕೆ ಅಂತ ಬೆಳೆಸಿಕೊಂಡಿದ್ದ ರೆಕ್ಕೆಯ ಮಾಂಸಖಂಡ ಇನ್ನು ಬೇಕಿಲ್ಲವಲ್ಲ, ಅದನ್ನೇ ಮೈಯೊಳಗೆ ಕರಗಿಸಿ ಆ ಸಾರವನ್ನೇ ಮರಿಗಳಿಗೆ ಉಣಿಸುತ್ತದೆ. ಎಂಥ ತಾಯಿ ನೋಡಿ.

ಆ ಮೊದಲ ಮಕ್ಕಳು ದೊಡ್ಡವಾದ ಮೇಲೆ ರಾಣಿಗೆ ಮೊಟ್ಟೆ ಇಡುವುದು ಒಂದೇ ಕೆಲಸ. ಯೂರೋಪಿನ ತೋಟಗಳಲ್ಲಿ ಸಿಗುವ ಒಂದು ಕರಿ ಇರುವೆಯ ರಾಣಿ, ಸಾಕಿದವರ ಹತ್ತಿರ 28 ವರ್ಷ ಬದುಕಿತ್ತು. ಅಷ್ಟು ವರ್ಷವೂ ಮೊಟ್ಟೆಯೇ. ಯಾರಿಗೂ ಒಂದು ಮಾತು ಹೇಳುವುದಿಲ್ಲ. ಆಹಾರ ಎಲ್ಲಿದೆ, ಹೊರಗೆ ಬಿಸಿಲಿದೆಯಾ ಮಳೆ ಇದೆಯಾ, ಅದಕ್ಕೆ ಗೊತ್ತೇ ಇಲ್ಲ. ಕತ್ತಲೆಯಲ್ಲಿ ಕೂತಿರುತ್ತದೆ. ಅದು ಗೂಡಿನ ಅಮ್ಮ. ಮೇಸ್ತ್ರಿ ಅಲ್ಲ.

ನೀವು ಹೊರಗೆ ನೋಡುವ ಇರುವೆಗಳೆಲ್ಲ ಅದರ ಹೆಣ್ಣು ಮಕ್ಕಳು. ಸಾಲಿನಲ್ಲಿ ಹೋಗುವವು, ಸಕ್ಕರೆ ಹೊರುವವು, ಕಚ್ಚುವವು, ಎಲ್ಲಾ ಹೆಣ್ಣೇ. ಗಂಡು ಇರುವೆ ಹಾರುವ ಕಾಲಕ್ಕೆ ಹುಟ್ಟಿ, ಹಾರಿ, ಸ್ವಲ್ಪ ದಿನದಲ್ಲೇ ಸತ್ತು ಹೋಗುತ್ತದೆ. ಗಂಡಿನ ಬಗ್ಗೆ ಇನ್ನೊಂದು ಸೋಜಿಗ ಇದೆ. ಗಂಡು ಕೂಡದ ಮೊಟ್ಟೆಯಿಂದಲೇ ಗಂಡು ಹುಟ್ಟುವುದು. ಅಂದರೆ ಗಂಡು ಇರುವೆಗೆ ಅಪ್ಪ ಇಲ್ಲ. ತಾತ ಇದ್ದಾನೆ, ಅಮ್ಮನ ಅಪ್ಪ! ಮನೆಗೆ ಹೋಗಿ ಇದನ್ನು ಒಂದು ಒಗಟು ಮಾಡಿ ಕೇಳಿ.

ಇನ್ನು ಸಾಲಿನ ವಿಷಯ. ನಿಮ್ಮ ಮನೆಯಲ್ಲಿ ಈಗ ಎಳ್ಳು ಬೆಲ್ಲಕ್ಕೆ ಬೆಲ್ಲ, ಕೊಬ್ಬರಿ ಹೆಚ್ಚಿ ಬಿಸಿಲಿಗೆ ಇಟ್ಟಿದ್ದಾರೆ ಅಲ್ವಾ? ನಾನು ಬರುವಾಗ ಒಂದು ಅಚ್ಚು ಬೆಲ್ಲ ತಂದಿದ್ದೆ. ಒಂದು ಚೂರು ಈ ಕಟ್ಟೆಯ ಮೇಲೆ ಇಟ್ಟು ಇಪ್ಪತ್ತು ನಿಮಿಷ ಆಯಿತು. ಎಲ್ಲರೂ ಸುಮ್ನೆ, ತಳ್ಳಾಡದೆ, ಹತ್ತಿರ ಬಂದು ಕುಕ್ಕರುಗಾಲಲ್ಲಿ ಕೂತು ನೋಡಿ. ಬೆಳಿಗ್ಗೆ ಏಳು ಗಂಟೆಗೆ ನಾನು ಬಂದಾಗ ಇಲ್ಲಿ ಒಂದೂ ಇರಲಿಲ್ಲ. ನಮ್ಮ ಹಾಗೆ ಇರುವೆಗೆ ಮೈಯೊಳಗೆ ಬಿಸಿ ಇರುವುದಿಲ್ಲ, ಈ ಚಳಿಗೆ ಬಿಸಿಲು ಏರಿದ ಮೇಲೇ ಹೊರಗೆ ಬರುವುದು.

ಮೊದಲು ಬೆಲ್ಲ ಸಿಕ್ಕಿದ್ದು ಒಂದಕ್ಕೆ. ಅದು ಹೊಟ್ಟೆ ತುಂಬ ಕುಡಿದು ಗೂಡಿಗೆ ವಾಪಸ್ ಹೋಗುವಾಗ ಹೊಟ್ಟೆಯ ತುದಿಯನ್ನು ನೆಲಕ್ಕೆ ತಾಗಿಸುತ್ತಾ ಹೋಯಿತು. ತಾಗಿಸಿದ ಕಡೆಯಲ್ಲೆಲ್ಲ ಒಂದು ವಾಸನೆ ಅಂಟುತ್ತದೆ. ನಮ್ಮ ಮೂಗಿಗೆ ಅದು ತಿಳಿಯುವುದಿಲ್ಲ. ಇನ್ನೊಂದು ಇರುವೆ ಆ ವಾಸನೆ ಹಿಡಿದು ಬರುತ್ತದೆ. ಅದಕ್ಕೂ ಬೆಲ್ಲ ಸಿಕ್ಕಿದರೆ ಹಿಂದಿರುಗುವಾಗ ಅದೂ ಒತ್ತುತ್ತದೆ. ವಾಸನೆ ಜಾಸ್ತಿ ಆದಷ್ಟೂ ಬರುವವರು ಜಾಸ್ತಿ. ಬೆಲ್ಲ ಮುಗಿದು ಬರಿಗೈಯಲ್ಲಿ ಹೋಗುವ ಇರುವೆ ಒತ್ತುವುದಿಲ್ಲ. ವಾಸನೆ ಆರಿಹೋಗುತ್ತದೆ, ಸಾಲೂ ಕರಗುತ್ತದೆ.

ಈಗ ಒಬ್ಬರು ಬೆರಳು ಒದ್ದೆ ಮಾಡಿಕೊಂಡು, ಇರುವೆ ಇಲ್ಲದ ಜಾಗ ನೋಡಿ, ಸಾಲಿಗೆ ಅಡ್ಡಲಾಗಿ ಒರೆಸಿ.

(ಒಬ್ಬ ಹುಡುಗ ಒರೆಸಿದ. ಎರಡೂ ಕಡೆ ಇರುವೆಗಳು ಗಕ್ಕನೆ ನಿಂತವು. ಮೀಸೆ ಆಡಿಸುತ್ತಾ ಅತ್ತ ಇತ್ತ ತಿರುಗಿದವು. ಕೆಲವು ಹಿಂದಕ್ಕೇ ಹೋದವು. ಸುಮಾರು ಹೊತ್ತಿನ ಮೇಲೆ ಒಂದು ಇರುವೆ ಸುತ್ತು ಹಾಕಿ ದಾಟಿತು. ಅದರ ಹಿಂದೆ ಇನ್ನೊಂದು. ಮಕ್ಕಳು ಉಸಿರು ಬಿಗಿ ಹಿಡಿದು ನೋಡುತ್ತಿದ್ದರು.)

ನೋಡಿದ್ರಾ? ಗೋಡೆ ಕಟ್ಟಲಿಲ್ಲ, ಹಳ್ಳ ತೋಡಲಿಲ್ಲ. ಅವುಗಳ ದಾರಿ ಇದ್ದದ್ದೇ ವಾಸನೆಯಲ್ಲಿ. ಅಂಗಡಿಯಲ್ಲಿ ಸಿಗುವ ಇರುವೆ ಸೀಮೆಸುಣ್ಣ ಮಾತ್ರ ಬೇರೆ. ಅದು ಬರೀ ಸೀಮೆಸುಣ್ಣ ಅಲ್ಲ, ಅದರಲ್ಲಿ ವಿಷ ಇರುತ್ತದೆ. ಅದನ್ನು ಮುಟ್ಟಬೇಡಿ, ಹುಳದ ಮನೆಯ ಹತ್ತಿರಕ್ಕಂತೂ ತರಲೇಬೇಡಿ.

1989ರಲ್ಲಿ ಬೆಲ್ಜಿಯಂ ದೇಶದ ವಿಜ್ಞಾನಿಗಳು ಒಂದು ಪ್ರಯೋಗ ಮಾಡಿ ತೋರಿಸಿದರು. ಇರುವೆ ಗೂಡಿನಿಂದ ಆಹಾರದವರೆಗೆ ಎರಡು ಸೇತುವೆ ಇಟ್ಟರು. ಒಂದು ಹತ್ತಿರದ್ದು, ಒಂದು ಸುತ್ತುಬಳಸಿನದು. ಮೊದಮೊದಲು ಇರುವೆಗಳು ಎರಡರಲ್ಲೂ ಹೋದವು. ಸ್ವಲ್ಪ ಹೊತ್ತಿನಲ್ಲೇ ಹೆಚ್ಚಿನವೆಲ್ಲ ಹತ್ತಿರದ ದಾರಿಗೆ ಬಂದವು. ಯಾಕೆ? ಹತ್ತಿರದ ದಾರಿಯಲ್ಲಿ ಹೋದವು ಬೇಗ ವಾಪಸ್ ಬಂದವು. ಹಾಗಾಗಿ ಆ ದಾರಿಯ ವಾಸನೆ ಬೇಗ ದಟ್ಟವಾಯಿತು. ಅಷ್ಟೇ! ಎರಡು ದಾರಿಯನ್ನೂ ಅಳೆದು ನೋಡಿದ ಇರುವೆ ಒಂದೂ ಇಲ್ಲ. ಆದರೂ ಇಡೀ ಗೂಡಿಗೆ ಹತ್ತಿರದ ದಾರಿ ಸಿಕ್ಕಿತು. ಇದನ್ನು ಓದಿದ ದಿನ ನಾನು ಪುಸ್ತಕ ಮಡಿಚಿಟ್ಟು ಹಿತ್ತಲಿಗೆ ಹೋಗಿ ಕೂತಿದ್ದೆ. ಒಂದೊಂದಕ್ಕೂ ಗೊತ್ತಿರುವುದು ಸಾಸಿವೆಯಷ್ಟು. ಎಲ್ಲವೂ ಸೇರಿದಾಗ ಆಗುವ ಕೆಲಸ ಎಷ್ಟು ದೊಡ್ಡದು!

"ಮಿಸ್, ಎದುರಿಗೆ ಸಿಕ್ಕಿದಾಗ ಮುತ್ತು ಕೊಟ್ಕೊಳ್ತವಲ್ಲ, ಯಾಕೆ?"

ಮೀಸೆಯಲ್ಲಿ ಮುಟ್ಟಿ ನೋಡುತ್ತವೆ. ನೀನು ನಮ್ಮ ಗೂಡಿನವಳಾ, ಎಲ್ಲಿಂದ ಬಂದೆ, ಏನು ತಂದೆ, ಎಲ್ಲ ಆ ವಾಸನೆಯಲ್ಲೇ ಗೊತ್ತಾಗುತ್ತದೆ. ಅಮೆರಿಕದ ಡೆಬೊರಾ ಗಾರ್ಡನ್ ಅನ್ನುವ ವಿಜ್ಞಾನಿ ಅರಿಜೋನದ ಮರುಭೂಮಿಯಲ್ಲಿ ಕಾಳು ಕೂಡಿಡುವ ಇರುವೆಗಳ ಹಿಂದೆ ಬಿದ್ದು ವರ್ಷಾನುಗಟ್ಟಲೆ ನೋಡಿದ್ದಾರೆ. ಗೂಡಿನ ಬಾಯಿಯಲ್ಲಿ ಕಾದು ನಿಂತ ಇರುವೆ, ಕಾಳು ಹೊತ್ತು ಬಂದವರು ಬೇಗ ಬೇಗ ಎದುರಾದರೆ ಹೊರಡುತ್ತದೆ. ಅಪರೂಪಕ್ಕೆ ಎದುರಾದರೆ ಒಳಗೇ ಉಳಿಯುತ್ತದೆ. ಹೊರಡು ಅಂತ ಯಾರೂ ಹೇಳುವುದಿಲ್ಲ. ಈಗ ರಾಗಿ ಕಣದ ಹತ್ತಿರ ಹೋದರೆ ನಮ್ಮ ಕಡೆಯ ಕಾಳಿರುವೆಗಳೂ ಸಿಗುತ್ತವೆ. ಗೂಡಿನ ಬಾಯಿಯ ಸುತ್ತ ಹೊಟ್ಟು ಬಿದ್ದಿರುತ್ತದೆ ನೋಡಿ. ಕಾಳು ಒಳಗೆ, ಹೊಟ್ಟು ಹೊರಗೆ.

ಅವರೆ ಗಿಡದ ಮಾತು ಹೇಳದೆ ಮುಂದೆ ಹೋಗುವುದಕ್ಕೆ ನನಗೆ ಮನಸ್ಸಾಗುವುದಿಲ್ಲ. ಈ ತಿಂಗಳು ಯಾರ ಮನೆಯಲ್ಲಿ ನೋಡಿದರೂ ಅವರೆಕಾಳಿನ ಸಾರೇ. ಸೊಗಡು ಕೈಗೆ ಅಂಟುವ ಆ ಕಾಯಿ ಕೀಳುವಾಗ ಕುಡಿಯ ಹತ್ತಿರ ಸ್ವಲ್ಪ ನಿಂತು ನೋಡಿ. ಎಳ್ಳಿಗಿಂತ ಚಿಕ್ಕ ಕರಿ ಹೇನುಗಳು ಗುಂಪು ಗುಂಪಾಗಿ ಅಂಟಿಕೊಂಡಿರುತ್ತವೆ. ಅವುಗಳ ನಡುವೆ ಗೊದ್ದ ಇರುವೆ ಓಡಾಡುತ್ತಿರುತ್ತದೆ. ಹೇನು ತಿನ್ನಲಿಕ್ಕೆ ಬಂದಿದೆ ಅಂದುಕೊಳ್ಳುತ್ತೇವೆ. ಅಲ್ಲ, ಹಾಲು ಕರೆಯಲಿಕ್ಕೆ ಬಂದಿದೆ!

ಹೋದ ವಾರ ನಾನು ಒಂದು ಇರುವೆಯನ್ನು ಭೂತಗನ್ನಡಿ ಹಿಡಿದು ನೋಡಿದೆ. ಹೇನಿನ ಹಿಂದೆ ನಿಂತು, ಎರಡೂ ಮೀಸೆಯಿಂದ ಅದರ ಬೆನ್ನನ್ನು ಮೆಲ್ಲಗೆ ತಟ್ಟಿತು. ಒಂದು ಸಲ ಎಡ, ಒಂದು ಸಲ ಬಲ. ಕೆಚ್ಚಲು ನೀವುವಾಗ ನಿಮ್ಮ ಅಮ್ಮನ ಕೈ ಆಡುವ ಹಾಗೆ. ಹೇನು ಹಿಂಭಾಗ ಸ್ವಲ್ಪ ಎತ್ತಿತು. ಗಾಜಿನ ಮಣಿಯಂಥ ಒಂದು ಹನಿ ಬಂತು. ಹನಿ ಬೀಳಲಿಲ್ಲ, ಅಲ್ಲೇ ನಿಂತಿತು. ಇರುವೆ ಬಾಯಿ ಇಟ್ಟು ಹೀರಿಕೊಂಡಿತು. ಆಮೇಲೆ ಪಕ್ಕದ ಹೇನಿಗೆ ಹೋಯಿತು. ಐದಾರು ಹೇನು ಆಗುವಷ್ಟರಲ್ಲಿ ಅದರ ಹೊಟ್ಟೆ ಉಬ್ಬಿ, ಪಟ್ಟೆಗಳ ನಡುವೆ ಬೆಳಕು ಹಾಯುತ್ತಿತ್ತು.

ಆ ಹನಿ ಏನು ಗೊತ್ತಾ? ಗಿಡದ ರಸದಲ್ಲಿ ಸಕ್ಕರೆ ತುಂಬಾ, ಬೇರೆ ಸಾರ ಕಡಿಮೆ. ಸಾಕಷ್ಟು ಸಾರ ಸಿಗಬೇಕು ಅಂದರೆ ಹೇನು ರಸವನ್ನು ಸಿಕ್ಕಾಪಟ್ಟೆ ಕುಡಿಯಬೇಕು. ಮಿಕ್ಕ ಸಕ್ಕರೆ ನೀರನ್ನು ಹಿಂದಿನಿಂದ ಬಿಡುತ್ತದೆ. ಇರುವೆಗೆ ಅದೇ ಹಬ್ಬದೂಟ. ಅದಕ್ಕೆ ಬದಲಾಗಿ ಇರುವೆ ಕಾವಲು ಕಾಯುತ್ತದೆ. ಹೇನು ತಿನ್ನುವ ಗುಲಗಂಜಿ ಹುಳ ಬಂದರೆ ಕಚ್ಚಿ ಓಡಿಸುತ್ತದೆ. ಅವರೆ ಬೆಳೆದವರಿಗೆ ಇದು ನಷ್ಟದ ಮಾತೇ, ಅದನ್ನು ಮುಚ್ಚಿಡುವುದಿಲ್ಲ.

ಕುಡಿದದ್ದೆಲ್ಲ ಆ ಇರುವೆಯ ಪಾಲಿಗೇ ಅಲ್ಲ. ಇರುವೆಗೆ ಎರಡು ಹೊಟ್ಟೆ. ಒಂದು ತನ್ನದು, ಇನ್ನೊಂದು ಗೂಡಿನದು. ಗೂಡಿನ ಹೊಟ್ಟೆಯಲ್ಲಿ ತುಂಬಿಕೊಂಡದ್ದನ್ನು ಒಳಗೆ ಹೋಗಿ ಬಾಯಿಗೆ ಬಾಯಿ ಇಟ್ಟು ಹಂಚುತ್ತದೆ. ನೀನು ಈಗ ಮುತ್ತು ಅಂದೆಯಲ್ಲ ಪುಟ್ಟ, ಕೆಲವು ಸಲ ಅದು ನಿಜವಾಗಿಯೂ ತುತ್ತು.

"ಮಿಸ್, ಸತ್ತೋದ ಇರುವೆನ ಎತ್ಕೊಂಡು ಹೋಗ್ತವಲ್ಲ, ಮಣ್ಣು ಮಾಡೋಕಾ?"

ಗೂಡಿನಿಂದ ಆಚೆ, ಕಸ ಹಾಕುವ ಜಾಗಕ್ಕೆ ಒಯ್ಯುತ್ತವೆ. ಸತ್ತಿದೆ ಅಂತ ಹೇಗೆ ಗೊತ್ತಾಗುತ್ತದೆ ಅನ್ನುವುದನ್ನು 1958ರಲ್ಲಿ ಎಡ್ವರ್ಡ್ ವಿಲ್ಸನ್ ಮತ್ತು ಅವರ ಜೊತೆಯವರು ಕಂಡುಹಿಡಿದರು. ಸತ್ತ ಒಂದೆರಡು ದಿನಕ್ಕೆ ಇರುವೆಯ ಮೈಯಲ್ಲಿ ಓಲಿಕ್ ಆಮ್ಲ ಅನ್ನುವ ವಸ್ತು ಸೇರುತ್ತದೆ. ಅದನ್ನು ಸವರಿದ ಕಾಗದದ ಚೂರನ್ನೂ ಇರುವೆಗಳು ಹೆಣ ಅಂತ ಒಯ್ದವು. ಆಮೇಲೆ ಚೆನ್ನಾಗಿ ಓಡಾಡುತ್ತಿದ್ದ ಇರುವೆಗೇ ಸವರಿದರು. ಪಾಪ, ಅದು ಕಾಲು ಝಾಡಿಸುತ್ತಿದ್ದರೂ ಬಿಡದೆ ಎತ್ತಿಕೊಂಡು ಹೋಗಿ ಕಸದ ಗುಡ್ಡೆಗೆ ಹಾಕಿದವು! ವಾಪಸ್ ಬಂದರೆ ಮತ್ತೆ ಒಯ್ದವು. ಮೈ ನೆಕ್ಕಿ ನೆಕ್ಕಿ ಶುಚಿ ಮಾಡಿಕೊಂಡ ಮೇಲೇ ಅದಕ್ಕೆ ಮನೆಯೊಳಗೆ ಜಾಗ.

ನೀರಿನ ವಿಷಯ ಒಂದು ಹೇಳುತ್ತೇನೆ. ನಮ್ಮ ಚಿಕ್ಕಬಳ್ಳಾಪುರ, ಕೋಲಾರದ ಕಡೆ ವರ್ಷವಿಡೀ ಹರಿಯುವ ಹೊಳೆ ಇಲ್ಲ. ಕೆರೆ ತುಂಬಿದರೆ ಉಂಟು, ಇಲ್ಲದಿದ್ದರೆ ಕೊಳವೆಬಾವಿ. ಇಂಥ ಒಣ ನೆಲದಲ್ಲಿ ಇರುವೆಗೆ ನೀರು ಎಲ್ಲಿಂದ? ಡಯಾಕಮ್ಮಾ ಅನ್ನುವ ದೊಡ್ಡ ಕರಿ ಇರುವೆ ಒಂದಿದೆ. ಸಾಲು ಕಟ್ಟದೆ ಒಂಟಿಯಾಗಿ ತಿರುಗುತ್ತದೆ. ಅದು ಹಕ್ಕಿಯ ಪುಕ್ಕಗಳನ್ನು ತಂದು ಗೂಡಿನ ಬಾಯಿಯ ಸುತ್ತ ಜೋಡಿಸುವುದುಂಟು. ಇದು ಅಲಂಕಾರ ಅಲ್ಲ. ರಾತ್ರಿ ಪುಕ್ಕದ ಮೇಲೆ ಇಬ್ಬನಿ ಕೂರುತ್ತದೆ. ಬೆಳಿಗ್ಗೆ ಹೊರಗೆ ಬಂದು ಆ ಹನಿಗಳನ್ನು ಕುಡಿಯುತ್ತವೆ. 1985ರಲ್ಲಿ ಮಾರ್ಕ್ ಮಾಫೆಟ್ ಅನ್ನುವವರು ಇದನ್ನು ನಮ್ಮ ದೇಶದಲ್ಲೇ ನೋಡಿ ಬರೆದರು. ಈಗ ಇಬ್ಬನಿ ಕಾಲ. ನೆಲದಲ್ಲಿ ಒಂದು ತೂತು, ಸುತ್ತ ಪುಕ್ಕ ಕಂಡರೆ ಕೆದಕದೆ ನನಗೆ ಬಂದು ಹೇಳಿ. ಆ ಗೂಡಲ್ಲಿ ಇನ್ನೊಂದು ವಿಶೇಷ ಇದೆ. ಅಲ್ಲಿ ರಾಣಿ ಅನ್ನುವ ಜಾತಿಯೇ ಇಲ್ಲ. ದುಡಿಯುವ ಇರುವೆಗಳಲ್ಲೇ ಒಂದು ಮೊಟ್ಟೆ ಇಡುತ್ತದೆ.

ಈಗ ಎಲ್ಲರೂ ತಲೆ ಎತ್ತಿ. ಆ ಎರಡನೇ ಕೊಂಬೆಯಲ್ಲಿ ಎಲೆಗಳನ್ನು ಸೇರಿಸಿ ಕಟ್ಟಿದ ಚೆಂಡಿನ ಹಾಗಿದೆಯಲ್ಲ, ಅದು ಕೆಂಜಿಗದ ಗೂಡು. ಮಲೆನಾಡಿನವರು ಚಗಳಿ ಅಂತಾರೆ, ಚಟ್ನಿಯನ್ನೂ ಅರೆಯುತ್ತಾರೆ. ಮಾವಿನ ಮರ ಹತ್ತಿದವರಿಗೆ ಇದರ ಪರಿಚಯ ಚೆನ್ನಾಗಿ ಇರುತ್ತದೆ. ಇದಕ್ಕೆ ಕೊಂಡಿ ಇಲ್ಲ. ಹಲ್ಲಿನಲ್ಲಿ ಕಚ್ಚಿ, ಆ ಗಾಯಕ್ಕೆ ಹಿಂದಿನಿಂದ ಹುಳಿ ಚಿಮ್ಮಿಸುತ್ತದೆ. ಉರಿಯುವುದು ಆ ಹುಳಿ, ಫಾರ್ಮಿಕ್ ಆಮ್ಲ. ಲ್ಯಾಟಿನ್ನಿನಲ್ಲಿ ಫಾರ್ಮಿಕಾ ಅಂದರೆ ಇರುವೆ ಅಂತಲೇ.

ಈ ಗೂಡನ್ನು ಕಟ್ಟುವುದು ಹೇಗೆ ಅಂತ ಶಿಡ್ಲಘಟ್ಟದ ಮಕ್ಕಳಿಗೆ ಹೇಳುವುದು ನನಗೆ ಎಲ್ಲಕ್ಕಿಂತ ಇಷ್ಟದ ಕೆಲಸ. ನಿಮಗೆ ನೂಲು ಗೊತ್ತು. ಮೊದಲು ಒಂದಷ್ಟು ಇರುವೆಗಳು ಎಲೆಯ ಅಂಚಿನಲ್ಲಿ ಸಾಲಾಗಿ ನಿಂತು, ಪಕ್ಕದ ಎಲೆಯನ್ನು ಹಲ್ಲಲ್ಲಿ ಕಚ್ಚಿ ಎಳೆಯುತ್ತವೆ. ಎಲೆ ದೂರ ಇದ್ದರೆ ಒಂದು ಇನ್ನೊಂದರ ಸೊಂಟ ಹಿಡಿಯುತ್ತದೆ, ಅದರ ಸೊಂಟ ಮತ್ತೊಂದು. ಹಾಗೆ ಸರಪಳಿ ಆಗುತ್ತದೆ. ಎಲೆ ಹತ್ತಿರ ಬಂತು ಅನ್ನಿ. ಹೊಲಿಯಲಿಕ್ಕೆ ನೂಲು? ದೊಡ್ಡ ಇರುವೆಗೆ ನೂಲು ಬರುವುದಿಲ್ಲ. ಮರಿಹುಳಕ್ಕೆ ಬರುತ್ತದೆ!

ಇರುವೆಯ ಬಾಳೂ ನಿಮ್ಮ ರೇಷ್ಮೆ ಹುಳದ ಹಾಗೇ. ಮೊಟ್ಟೆ, ಹುಳ, ಗೂಡು ಕಟ್ಟುವ ಹೊತ್ತು, ಆಮೇಲೆ ಪೂರ್ತಿ ಬೇರೆ ರೂಪ. ಹುಳಕ್ಕೆ ಜ್ವರ ಬಂತು ಅಂತೀರಲ್ಲ, ಪೊರೆ ಬಿಡುವಾಗ, ಇರುವೆಯ ಮರಿಹುಳವೂ ಹಾಗೇ ಪೊರೆ ಬಿಟ್ಟು ಬೆಳೆಯುತ್ತದೆ. ಇರುವೆ ಬಾಯಲ್ಲಿ ಬಿಳಿಯದೇನೋ ಕಚ್ಚಿಕೊಂಡು ಹೋಗುವುದನ್ನು ಮೊಟ್ಟೆ ಅಂತೀವಿ. ಕಣ್ಣಿಗೆ ಕಾಣುವಷ್ಟು ದೊಡ್ಡದಿದ್ದರೆ ಸಾಮಾನ್ಯವಾಗಿ ಅದು ಈ ಮರಿಹುಳ ಅಥವಾ ಗೂಡಿನ ಹಂತದ್ದು.

ದೊಡ್ಡ ಇರುವೆ ಬಲಿತ ಮರಿಹುಳವನ್ನು ಮೆಲ್ಲಗೆ ಬಾಯಲ್ಲಿ ಹಿಡಿದು ತರುತ್ತದೆ. ಅದರ ತಲೆಯನ್ನು ಈ ಎಲೆಗೆ ತಾಗಿಸುತ್ತದೆ, ಮೀಸೆಯಿಂದ ತಟ್ಟುತ್ತದೆ. ಮರಿಹುಳದ ಬಾಯಿಂದ ನೂಲು ಬರುತ್ತದೆ. ಆಮೇಲೆ ಆ ಎಲೆಗೆ. ಮತ್ತೆ ಈ ಎಲೆಗೆ. ಮಗ್ಗದಲ್ಲಿ ಲಾಳಿ ಆಡಿದ ಹಾಗೆ. ರೇಷ್ಮೆ ಹುಳ ಚಂದ್ರಿಕೆ ತಟ್ಟೆಯಲ್ಲಿ ಕೂತು ತನ್ನ ಸುತ್ತಲೇ ನೂಲು ಸುತ್ತಿಕೊಳ್ಳುತ್ತದೆ ಅಲ್ವಾ? ಕೆಂಜಿಗದ ಮರಿಹುಳ ತನಗೆ ಅಂತ ಗೂಡನ್ನೇ ಕಟ್ಟಿಕೊಳ್ಳುವುದಿಲ್ಲ. ಇರುವ ನೂಲನ್ನೆಲ್ಲ ಮನೆಗೆ ಕೊಟ್ಟು, ಬರಿಮೈಯಲ್ಲೇ ರೂಪ ಬದಲಾಯಿಸುತ್ತದೆ. ಅಷ್ಟು ಎಳೆಯ ಹುಳವೂ ಮನೆ ಕಟ್ಟುವ ಆಳು!

ಒಂದೇ ಸಂಸಾರಕ್ಕೆ ಇಂಥ ಗೂಡುಗಳು ಹತ್ತಾರು ಇರುತ್ತವೆ, ಕೆಲವು ಸಲ ನಾಲ್ಕಾರು ಮರಕ್ಕೂ ಹರಡಿರುತ್ತವೆ. ರಾಣಿ ಇರುವುದು ಯಾವುದೋ ಒಂದರಲ್ಲಿ. ಅಂಚಿನ ಮರದ ಗೂಡುಗಳಲ್ಲಿ ಕಾವಲಿಗೆ ಇರುವುದು ವಯಸ್ಸಾದ ಇರುವೆಗಳು. ಎಳೆಯವು ಒಳಗೆ ಮರಿ ನೋಡಿಕೊಳ್ಳುತ್ತವೆ.

ಚೀನಾದಲ್ಲಿ ಸುಮಾರು 1,700 ವರ್ಷಗಳ ಹಿಂದೆಯೇ ಕಿತ್ತಳೆ ಜಾತಿಯ ಹಣ್ಣು ಬೆಳೆಯುವವರು ಈ ಇರುವೆಯ ಗೂಡನ್ನು ಸಂತೆಯಲ್ಲಿ ಕೊಂಡು ತರುತ್ತಿದ್ದರು. ನಿಮ್ಮ ಅಪ್ಪ ರೇಷ್ಮೆ ಗೂಡು ಮಾರಲಿಕ್ಕೆ ಮಾರುಕಟ್ಟೆಗೆ ಹೋಗುತ್ತಾರಲ್ಲ, ಅಲ್ಲಿ ಇರುವೆ ಗೂಡು ಮಾರುತ್ತಿದ್ದರು! ಮರಕ್ಕೆ ಕಟ್ಟಿದರೆ ಹಣ್ಣು ಕೆಡಿಸುವ ಹುಳಗಳನ್ನು ಇರುವೆ ತಿಂದುಹಾಕುತ್ತಿತ್ತು. ಹುಳದ ಮನೆಯಲ್ಲಿ ವೈರಿಯಾದ ಇರುವೆ ತೋಟದಲ್ಲಿ ಕಾವಲುಗಾರ.

ಇಷ್ಟು ಹೇಳಿ ನಾನು ಮಾತು ನಿಲ್ಲಿಸಿದೆ. ಮಕ್ಕಳು ಭೂತಗನ್ನಡಿಗೆ ಸರದಿ ನಿಂತರು. ಕೆಂಜಿಗ ಓಡಾಡುವ ಕಡೆ ಕೈ ಇಡಬೇಡಿ ಎಂದು ಮೊದಲೇ ಹೇಳಿದ್ದೆ. ಐದನೇ ಕ್ಲಾಸಿನ ಒಬ್ಬಳು ಹುಡುಗಿ ಗನ್ನಡಿಗೆ ಕಾಯದೆ ಬೊಡ್ಡೆಯ ಇನ್ನೊಂದು ಬದಿಗೆ ಹೋಗಿ ಒಂದು ಇರುವೆಯನ್ನೇ ದಿಟ್ಟಿಸುತ್ತಿದ್ದಳು. ತುಟಿ ಅಲ್ಲಾಡುತ್ತಿತ್ತು. ಏನೋ ಎಣಿಸುತ್ತಿದ್ದಳು.

"ಮಿಸ್, ಇದಕ್ಕೆ ಎಂಟು ಕಾಲಿದೆ."

ಹತ್ತಿರ ಹೋಗಿ ನೋಡಿದೆ. ಕೆಂಜಿಗದ್ದೇ ಬಣ್ಣ, ಅದೇ ಸಣ್ಣ ಸೊಂಟ. ಮುಂದಿನ ಎರಡು ಕಾಲನ್ನು ಮೇಲೆತ್ತಿ ಮೀಸೆಯ ಹಾಗೆ ಆಡಿಸುತ್ತಿತ್ತು. ಇರುವೆಯ ವೇಷದ ಜೇಡ ಅದು, ಕೆಂಜಿಗ ಇರುವ ಮರಗಳಲ್ಲೇ ಬದುಕುತ್ತದೆ. ಕೆಂಜಿಗ ಅಂದರೆ ಹಕ್ಕಿ, ಹುಳ ಎಲ್ಲಕ್ಕೂ ಹೆದರಿಕೆ, ಆ ಹೆದರಿಕೆಯೇ ಇದಕ್ಕೆ ರಕ್ಷಣೆ ಎಂದು ಅವಳಿಗೆ ಹೇಳಿದೆ. ಅಷ್ಟರಲ್ಲಿ ನಿಜವಾದ ಕೆಂಜಿಗ ಒಂದು ಆ ಕಡೆ ಬಂತು. ಜೇಡ ಸರಕ್ಕನೆ ಒಂದು ಎಳೆ ನೂಲು ಬಿಟ್ಟು ಗಾಳಿಯಲ್ಲಿ ಇಳಿಯಿತು. ಹುಡುಗಿ ಕೈ ಚಾಚಲಿಲ್ಲ. ಅದು ನೆಲ ಮುಟ್ಟುವವರೆಗೂ ಅವಳೂ ಅದರ ಜೊತೆಯೇ ಮೆಲ್ಲಗೆ ಕೆಳಗೆ ಕೂತಳು.